ಹಿಂದಿನ ಸೀಟಿಗೆ ಬ್ರೇಕ್ ಇಲ್ಲ

"ದಾರಿ ಬದಲಾಗಿದೆ ಕಣ್ರಪ್ಪ," ಎಂದು ಕ್ಲಬ್ಬಿನ ಮುಂದಾಳು ಪ್ರತಿಭಾ ಹೇಳಿದಾಗ ಸಂಘಮಿತ್ರಾ ಬಾಳೆಹಣ್ಣು ಸುಲಿಯುತ್ತಿದ್ದಳು. ಮುಂದಿನ ಮಾತು ಕೇಳಿದ ಮೇಲೆ ಅವಳು ಆ ಹಣ್ಣನ್ನು ತಿನ್ನಲಿಲ್ಲ.

"ಚನ್ನರಾಯಪಟ್ಟಣದ ಕಡೆ ಮೋರಿ ಕಿತ್ತಾಕಿದಾರಂತೆ, ಸೈಕಲ್ ಹೋಗಲ್ಲ. ಅದಕ್ಕೆ ಹಳ್ಳಿಮೈಸೂರು ಮೇಲೆ ಹೋಗಿ ಅರಕಲಗೂಡು ಸೇರೋಣ. ಅದೂ ಮಟ್ಟಸವಾದ ದಾರಿನೇ. ಎರಡೂ ಕಡೆ ಗದ್ದೆ, ಏರು ಅನ್ನೋದೇ ಇಲ್ಲ."

ಹಾಸನದ ಸೈಕಲ್ ಕ್ಲಬ್ಬಿನ ಹನ್ನೆರಡು ಜನ ಹೊಳೆನರಸೀಪುರದ ಮೈದಾನದಲ್ಲಿ ನಿಂತಿದ್ದರು. ಆಗಸ್ಟ್ ತಿಂಗಳ ಭಾನುವಾರ, ಬೆಳಿಗ್ಗೆ ಏಳೂವರೆ. ಆರು ಜೋಡಿ ಸೈಕಲ್ಲುಗಳು ಲಗೇಜ್ ಆಟೋದಿಂದ ಆಗತಾನೇ ಇಳಿದಿದ್ದವು. ಒಂದೇ ಉದ್ದನೆಯ ಸೈಕಲ್ಲಿಗೆ ಎರಡು ಸೀಟು, ಎರಡು ಜೊತೆ ಪೆಡಲ್ಲು. ಹ್ಯಾಂಡಲ್ ತಿರುಗಿಸುವುದು, ಬ್ರೇಕ್ ಹಿಡಿಯುವುದು ಎಲ್ಲ ಮುಂದೆ ಕೂತವರ ಕೈಯಲ್ಲಿ. ಹಿಂದೆ ಕೂತವರು ಮುಂದಿನವರ ಬೆನ್ನು ನೋಡಿಕೊಂಡು ತುಳಿಯಬೇಕು, ಅಷ್ಟೇ.

ಹತ್ತು ಜನ "ಸರಿ ಬಿಡಿ" ಎಂದು ಹೆಲ್ಮೆಟ್ ಕಟ್ಟಿಕೊಳ್ಳತೊಡಗಿದರು. ಉಳಿದವರು ಇಬ್ಬರು. ಒಬ್ಬಳು ಸಂಘಮಿತ್ರಾ. ಇನ್ನೊಬ್ಬ, ಅವಳ ಸೈಕಲ್ಲಿನ ಹಿಂದಿನ ಸೀಟಿನ ರಜನೀಶ್. ಹಳ್ಳಿಮೈಸೂರು ಅವನ ಊರು. ಅಲ್ಲಿ ಸರ್ಕಲ್ಲಿನಲ್ಲೇ ಅವನ ಅಪ್ಪ ಬಸವರಾಜು ಅವರ ಗೊಬ್ಬರದ ಅಂಗಡಿ. ಭಾನುವಾರವೂ ಬಾಗಿಲು ಹಾಕದ ಅಂಗಡಿ ಅದು.

ಇಬ್ಬರಿಗೂ ಒಂದೇ ಸೈಕಲ್ ಚೀಟಿ ಎತ್ತಿದಾಗ ಬಂತು ಎಂದು ಕ್ಲಬ್ಬಿನವರು ತಿಳಿದಿದ್ದರು. ಪ್ರತಿಭಾ ಆ ಎರಡು ಚೀಟಿಗಳನ್ನು ಬೆರಳ ಸಂದಿಯಲ್ಲಿ ಮೊದಲೇ ಹಿಡಿದುಕೊಂಡಿದ್ದಳು ಎನ್ನುವುದು ಮೂರೇ ಜನಕ್ಕೆ ಗೊತ್ತು. ಚನ್ನರಾಯಪಟ್ಟಣದ ದಾರಿಯಲ್ಲಿ ಇವರ ಗುರುತಿನವರು ಒಬ್ಬರೂ ಇಲ್ಲ, ಒಂದು ಬೆಳಿಗ್ಗೆಯಾದರೂ ಯಾರ ಹೆದರಿಕೆಯೂ ಇಲ್ಲದೆ ಜೊತೆಗಿರಲಿ ಎನ್ನುವುದು ಅವಳ ಲೆಕ್ಕಾಚಾರ. ಪಾಪ, ಮೋರಿಯ ಸಂಗತಿ ಅವಳಿಗೇನು ಗೊತ್ತಿತ್ತು.

ಪ್ರತಿಭಾ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ಹೆಲ್ಮೆಟ್ ಇದೆ, ಕಪ್ಪು ಕನ್ನಡಕ ಇದೆ. ಧೂಳಿಗೆ ಕಟ್ಕೊಳ್ಳೋ ಬಟ್ಟೆ ಮೂಗಿನ ತನಕ ಎಳ್ಕೊಳಿ. ಹೆತ್ತ ತಾಯಿಗೂ ಗುರುತು ಸಿಗಲ್ಲ. ಬೇಡ ಅಂದ್ರೆ ಈಗಲೇ ಹೇಳಿ, ಜೋಡಿ ಬದಲಾಯಿಸ್ತೀನಿ."

ಸಂಘಮಿತ್ರಾ ರಜನೀಶನ ಮುಖ ನೋಡಿದಳು. ಅವನು ಬೇಡ ಎನ್ನಲಿಲ್ಲ. ಆದರೆ ಧೂಳಿನ ಬಟ್ಟೆಯನ್ನು ಮೂಗಿನ ತನಕ ಎಳೆದುಕೊಂಡ.

ಅವನು ಹೆದರುಪುಕ್ಕಲ ಎನ್ನುವುದು ಅವಳಿಗೆ ಮೊದಲ ದಿನದಿಂದಲೇ ಗೊತ್ತು. ನಿಜ ಹೇಳಬೇಕೆಂದರೆ ಅವಳು ಮರುಳಾದದ್ದೇ ಅದಕ್ಕೆ. ಎರಡು ವರ್ಷದ ಹಿಂದೆ ಅವಳು ಕೆಲಸ ಮಾಡುವ ಹಾಸನದ ಲ್ಯಾಬಿಗೆ ರಕ್ತ ಪರೀಕ್ಷೆಗೆಂದು ಬಂದಿದ್ದ. ಹನಿ ನೀರಾವರಿ ಪೈಪು ಮಾರುವ ಶೋರೂಮಿನ ನೌಕರ, ಆರಡಿ ಆಳು. ಸೂಜಿ ನೋಡಿದ್ದೇ ತಡ ಮುಖ ಬೆಳ್ಳಗೆ ಮಾಡಿಕೊಂಡು, ಕಣ್ಣು ಮುಚ್ಚಿ, ಅವಳ ಬಿಳಿ ಕೋಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ.

"ಮುಗೀತಾ?" ಎಂದಿದ್ದ.

"ಇನ್ನೂ ಶುರುವೇ ಆಗಿಲ್ಲ," ಎಂದಿದ್ದಳು ಸಂಘಮಿತ್ರಾ.

ಅವನು ಒಂದು ಕಣ್ಣು ಮಾತ್ರ ಬಿಟ್ಟು ಅವಳನ್ನು ನೋಡಿದ. ಅವಳು ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡಿದ್ದನ್ನು ಆ ಒಂದೇ ಕಣ್ಣಿನಲ್ಲಿ ಕಂಡುಬಿಟ್ಟ. ಮರುವಾರ ಆರೋಗ್ಯವಾಗಿದ್ದವನು ಮತ್ತೆ ಬಂದು, ಇನ್ಯಾವುದಾದರೂ ಟೆಸ್ಟ್ ಇದೆಯಾ ಮೇಡಂ ಎಂದು ಕೇಳಿದ. ಆಮೇಲೆ ಅವಳು ಸೈಕಲ್ ಕ್ಲಬ್ಬಿನಲ್ಲಿದ್ದಾಳೆಂದು ತಿಳಿದು, ಹೊಸ ಸೈಕಲ್ ಕೊಂಡು ತಾನೂ ಸೇರಿದ.

ಆ ಪುಕ್ಕಲುತನ ಚೆಂದ ಕಾಣುವುದು ಸೂಜಿಯ ಮುಂದೆ. ಅಪ್ಪನ ಮುಂದೆ ಅದು ಹೇಗಿರುತ್ತದೆ ಎನ್ನುವುದನ್ನು ಅವಳು ಹೋದ ಯುಗಾದಿಗೆ ನೋಡಿದ್ದಳು.

ಅವಳ ಊರು ಕೊಣನೂರು. ಹಬ್ಬಕ್ಕೆ ಊರಿಗೆ ಹೊರಟವಳು ಅರಕಲಗೂಡಿನ ಬಸ್ಸು ಬಿಟ್ಟು, ಸ್ವಲ್ಪ ಹೊತ್ತು ಅವನ ಜೊತೆಗಿರಬಹುದೆಂದು ಸುತ್ತು ಹಾಕಿಕೊಂಡು ಹಳ್ಳಿಮೈಸೂರಿನ ಬಸ್ಸು ಹತ್ತಿದ್ದಳು. ಇಬ್ಬರೂ ಒಂದೇ ಪೊಟ್ಟಣದಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿದ್ದರು. ಹೊಳೆನರಸೀಪುರದಲ್ಲಿ ಬಸವರಾಜು ಬಸ್ಸು ಹತ್ತಿದರು. ಮಗನ ಪಕ್ಕ ಕೂತ ಹುಡುಗಿಯನ್ನು ನೋಡಿ, "ಯಾರ್ಲಾ ಅದು?" ಎಂದರು.

"ಗೊತ್ತಿಲ್ಲ ಕಣಪ್ಪ. ಸೀಟಿತ್ತು, ಕೂತ್ಕಂಡೆ," ಎಂದು ರಜನೀಶ್ ಎದ್ದು ಅಪ್ಪನ ಜೊತೆ ಹಿಂದಕ್ಕೆ ಹೋದ. ಕಡಲೆಕಾಯಿ ಪೊಟ್ಟಣ ಅವಳ ಮಡಿಲಲ್ಲೇ ಉಳಿಯಿತು. ಆಮೇಲೆ ಹನ್ನೊಂದು ದಿನ ಫೋನ್ ಮಾಡಿ ಮಾಡಿ ತಪ್ಪಾಯಿತು ಎಂದ, ಅತ್ತ. ಅವಳು ಹೋಗಲಿ ಬಿಡು ಎಂದಳು. ಬಾಯಿ ಹೋಗಲಿ ಬಿಡು ಎಂದಿತೇ ಹೊರತು ಮನಸ್ಸು ಎಲ್ಲಿ ಬಿಡುತ್ತದೆ. ಅವತ್ತಿನಿಂದ ಅವಳಿಗೆ ಕಡಲೆಕಾಯಿ ಕಂಡರಾಗದು.

ಅವಳ ಅಪ್ಪ ದೇವಯ್ಯ ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದವರು. ಮನೆಯಲ್ಲಿ ಬುದ್ಧನ ಪಟ ಇಟ್ಟು ಮಗಳಿಗೆ ಹುಡುಕಿ ಹುಡುಕಿ ಈ ಹೆಸರಿಟ್ಟವರು. ಮಗಳು ಎಲ್ಲ ಹೇಳಿಕೊಂಡಾಗ ಅವರು ಕೂಗಾಡಲಿಲ್ಲ. "ನಾನು ಬ್ಯಾಡ ಅನ್ನಲ್ಲ ಕಣವ್ವ. ಆದ್ರೆ ನಂಗೆ ಭಯ ಆಯ್ತದೆ. ಅವ್ರ ಜನ ಒಪ್ಪೋದು ಅಷ್ಟು ಸಲೀಸಲ್ಲ. ಅವನು ಅವರಪ್ಪನ ಮುಂದೆ ನಿಂತ್ಕಂಡು ನಿನ್ನ ಹೆಸರು ಏಳ್ಲಿ. ಅವತ್ತು ನಾನೇ ನನ್ನ ಕೈಯಾರ ಅವನಿಗೆ ಕಾಪಿ ಕಾಸ್ಕೊಡ್ತೀನಿ," ಎಂದಿದ್ದರು. ಆ ಕಾಫಿಗೆ ಐದು ತಿಂಗಳಿಂದ ಒಲೆ ಹಚ್ಚಿರಲಿಲ್ಲ.

ಸೈಕಲ್ ಹತ್ತುವಾಗ ಸಂಘಮಿತ್ರಾ ತನ್ನೊಳಗೇ ತೀರ್ಮಾನ ಮಾಡಿಕೊಂಡಳು. ಊರು ಬರುವ ಮೊದಲು ಇವನು ಏನಾದರೂ ನೆಪ ಹೇಳಿ ಇಳಿದರೆ, ಇನ್ನು ಮುಂದೆ ಯಾವತ್ತೂ ಇವನನ್ನು ಹತ್ತಿಸಿಕೊಳ್ಳುವುದಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಹೇಳಿ ಕೂರಿಸಿಕೊಂಡು ಹೋಗುವುದರಲ್ಲಿ ಏನಿದೆ.

ಮೊದಲ ಐದಾರು ಮೈಲಿ ಚೆನ್ನಾಗಿಯೇ ಇತ್ತು. ನಾಲೆಯ ಪಕ್ಕದ ರಸ್ತೆ. ಎಡಕ್ಕೆ ಆಗತಾನೇ ನಾಟಿ ಮುಗಿದ ಗದ್ದೆಗಳು, ಬಲಕ್ಕೆ ಮುಸುಕಿನ ಜೋಳ, ಅದರಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ತಗಡಿನ ಮಾಡಿನಿಂದ ತೆಳ್ಳಗೆ ಹೊಗೆ. ರಸ್ತೆಯಲ್ಲಿ ಏನೇ ಬಂದರೂ ಮುಂದಿನವರು ಕೂಗಿ ಹೇಳಬೇಕೆನ್ನುವುದು ಕ್ಲಬ್ಬಿನ ನಿಯಮ.

"ಗುಂಡಿ," ಎಂದಳು.

"ಹ್ಞೂಂ."

"ಎಮ್ಮೆ."

"ಎಷ್ಟು?"

"ಮೂರು."

"ಏನಂತೆ ಸಮಾಚಾರ? ಚೆನ್ನಾಗವ್ರಂತಾ ಮನೇಲಿ ಎಲ್ಲ?"

"ಹಿಂದೆ ಒಂದು ಕೋಣ ಕೂತದಲ್ಲ, ಅದನ್ನ ಎಲ್ಲಿಂದ ಹಿಡ್ಕೊಂಡು ಬಂದೆ ಅಂತ ಕೇಳ್ತಾ ಅವೆ."

ಅವನು ನಕ್ಕ. ಅವಳಿಗೆ ಅವನ ಮುಖ ಕಾಣುವುದಿಲ್ಲ, ಆದರೆ ನಗುವಾಗ ಅವನ ಕಾಲು ಒಂದು ಕ್ಷಣ ಸಡಿಲವಾದದ್ದು ಅವಳ ಪಾದಕ್ಕೆ ತಿಳಿಯಿತು. ಜೋಡಿ ಸೈಕಲ್ಲಿನ ಪೆಡಲ್ಲುಗಳೆಲ್ಲ ಒಂದಕ್ಕೊಂದು ಚೈನಿನಲ್ಲಿ ಸೇರಿರುತ್ತವೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಹಿಂದಿನವರು ಬಲ ಹಾಕುತ್ತಿದ್ದಾರೋ ಇಲ್ಲವೋ ಎನ್ನುವುದನ್ನು ಮುಂದಿನವರಿಂದ ಮುಚ್ಚಿಡುವುದಕ್ಕೆ ಆಗುವುದಿಲ್ಲ.

"ಕುತ್ತಿಗೆ ಹತ್ರ ಬೆವರು ಇಳೀತಾ ಅದೆ ನಿಂದು," ಎಂದ ಸ್ವಲ್ಪ ಹೊತ್ತಾದ ಮೇಲೆ.

"ರಸ್ತೆ ನೋಡು."

"ರಸ್ತೆ ಎಲ್ಲಿ ಕಾಣ್ತದೆ ನಂಗೆ? ನಂಗೆ ಕಾಣೋದೇ ಇಷ್ಟು. ಕುತ್ತಿಗೆ, ಜಡೆ, ಜಡೆಗೆ ನೀಲಿ ರಬ್ಬರ್ ಬ್ಯಾಂಡು. ಕಿವಿ ಹಿಂದೆ ಒಂದು ಮಚ್ಚೆ. ಇದು ಇಲ್ಲಿತ್ತು ಅಂತ ನಂಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಬೇರೆ ದಿನವಾಗಿದ್ದರೆ ಇದೊಂದೇ ಮಾತನ್ನು ವಾರವಿಡೀ ನೆನೆಸಿಕೊಂಡಿರುತ್ತಿದ್ದಳು. ಅಷ್ಟರಲ್ಲಿ ರಸ್ತೆ ಬದಿಯ ಕಲ್ಲು ಬಂತು. ಹಳ್ಳಿಮೈಸೂರು, ನಾಲ್ಕು ಕಿಲೋಮೀಟರ್.

ಅವಳು ಅದನ್ನು ಕೂಗಿ ಹೇಳಲಿಲ್ಲ. ಆದರೂ ಅವನಿಗೆ ತಿಳಿಯಿತು. ಅವನ ಊರಿನ ದಾರಿ ಅವನಿಗೆ ತಿಳಿಯದೆ ಇರುತ್ತದೆಯೇ. ಪೆಡಲ್ಲು ಒಮ್ಮೆಲೇ ಭಾರವಾಯಿತು. ಅವನ ಪಾದಗಳು ಪೆಡಲ್ಲಿನ ಮೇಲಿದ್ದವು, ತಿರುಗುತ್ತಲೂ ಇದ್ದವು, ಆದರೆ ತುಳಿಯುತ್ತಿರಲಿಲ್ಲ. ಇಬ್ಬರ ಭಾರವನ್ನೂ ಈಗ ಅವಳೊಬ್ಬಳೇ ಎಳೆಯುತ್ತಿದ್ದಳು. ಹಿಂತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಸೈಕಲ್ ಓಲಾಡುತ್ತದೆ.

"ರಜನಿ," ಎಂದಳು.

ಪೆಡಲ್ಲಿಗೆ ಬಲ ಬರಲಿಲ್ಲ.

ಹಿಂದಿನಿಂದ ಒಂದು ಬೈಕಿನ ಸದ್ದು ಬಂತು. ಇಬ್ಬರು ಯುವಕರು. ದಾಟಿ ಹೋಗಬೇಕಾದ ಬೈಕು ನಿಧಾನ ಮಾಡಿಕೊಂಡು ಇವರ ಪಕ್ಕದಲ್ಲೇ ಬರತೊಡಗಿತು.

"ಎಲ್ಡು ಸೀಟಿನ ಸೈಕಲ್ಲು ನೋಡ್ಲಾ," ಎಂದ ಬೈಕಿನ ಹಿಂದಿದ್ದವನು. ಬೈಕ್ ಓಡಿಸುತ್ತಿದ್ದವನು ಬಗ್ಗಿ ಕೇಳಿದ. "ಯಾವೂರು ಸಾ ನಿಮ್ದು?"

ಗಾಳಿಗೆ ರಜನೀಶನ ಮೂಗಿನ ಬಟ್ಟೆ ಜಾರಿದರೆ ಏನು ಗತಿ ಎಂದು ಸಂಘಮಿತ್ರಾ ಹಲ್ಲು ಕಚ್ಚಿ ತುಳಿದಳು. "ಹಾಸನ," ಎಂದು ಅವಳೇ ಹೇಳಿದಳು. ಅವರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಏನೋ ಹೇಳಿಕೊಂಡು ನಕ್ಕು, ಊರ ಕಡೆ ಮುಂದೆ ಹೋದರು.

"ಬೈಕ್ ಓಡಿಸ್ತಿದ್ದೋನು ನಮ್ಮ ಚಿಕ್ಕಪ್ಪನ ಮಗ," ಎಂದ ರಜನೀಶ್.

"ಗುರುತು ಹಿಡಿದ್ನಾ?"

"ಇಲ್ಲ ಅನ್ಸುತ್ತೆ."

ಅನ್ಸುತ್ತೆ ಎನ್ನುವುದು ಯಾವ ಧೈರ್ಯಕ್ಕೆ ಸಾಲುತ್ತದೆ. ಪೇಪರಿನಲ್ಲಿ ಆಗಾಗ ಓದಿದ ಸುದ್ದಿಗಳೆಲ್ಲ ಅವಳಿಗೆ ನೆನಪಾದವು. ಹುಡುಗ ಒಂದು ಜನ, ಹುಡುಗಿ ಒಂದು ಜನ, ಆಮೇಲೆ ಒಂದು ಕೆರೆಯೋ ಬಾವಿಯೋ. ಅಂಥದ್ದನ್ನೆಲ್ಲ ಓದಬೇಡ ಎಂದು ಅವಳ ಅವ್ವ ಪೇಪರ್ ಕಿತ್ತಿಡುತ್ತಿದ್ದಳು. ಉಳಿದ ಐದು ಸೈಕಲ್ಲುಗಳು ಆಗಲೇ ದೂರ ಹೋಗಿದ್ದವು.

ಊರು ಶುರುವಾಯಿತು. ಮೊದಲ ಹಂಪು, ಹೋಟೆಲ್ಲು, ಟೈಲರ್ ಅಂಗಡಿ. ಮುಂದಿನ ಸೈಕಲ್ಲುಗಳನ್ನು ನೋಡಿದ್ದ ಜನ ಇನ್ನೂ ರಸ್ತೆಯಲ್ಲೇ ನಿಂತಿದ್ದರು. "ಇನ್ನೊಂದು ಬಂತು, ಇನ್ನೊಂದು ಬಂತು," ಎಂದು ಯಾರೋ ಚಪ್ಪಾಳೆ ತಟ್ಟಿದರು. ಸರ್ಕಲ್ಲಿನಲ್ಲಿ ಗೊಬ್ಬರದ ಅಂಗಡಿಯ ಮುಂದೆ ಯೂರಿಯಾಕ್ಕೆ ನಿಂತವರ ಉದ್ದನೆಯ ಸಾಲು. ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಸವರಾಜು ಕೂತಿದ್ದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು.

ಸಂಘಮಿತ್ರಾ ತಲೆ ಬಗ್ಗಿಸಿದಳು. ಇನ್ನು ಐವತ್ತು ಹೆಜ್ಜೆ. ಒಂದೇ ಉಸಿರಿಗೆ ತುಳಿದು ದಾಟಿಬಿಟ್ಟರೆ ಆಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇವನು ಇಳಿಯಲಿಲ್ಲವಲ್ಲ, ಮುಖ ಮುಚ್ಚಿಕೊಂಡಾದರೂ ಕೂತಿದ್ದಾನಲ್ಲ, ಇವತ್ತಿಗೆ ಅಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡಳು.

"ನಿಲ್ಸು," ಎಂದ ರಜನೀಶ್.

ಅವಳ ಜೀವ ಹಾರಿಹೋಯಿತು.

ಹಿಂದಿನ ಸೀಟಿಗೆ ಬ್ರೇಕ್ ಇಲ್ಲ. ಆದ್ದರಿಂದ ಹಿಂದಿನವರು ನಿಲ್ಸು ಎಂದರೆ ಮುಂದಿನವರು ಏಕೆ ಎಂದು ಕೇಳದೆ ನಿಲ್ಲಿಸಬೇಕು. ಕ್ಲಬ್ಬಿನಲ್ಲಿ ಮೊದಲ ದಿನ ಕಲಿಸಿದ ಪಾಠ ಇದು. ಕೇಳಿಸಲಿಲ್ಲ ಎಂದು ತುಳಿದುಕೊಂಡು ಹೋಗಬಹುದಾಗಿತ್ತು. ಒಂದು ಗಳಿಗೆ ಹಾಗೇ ಮಾಡೋಣ ಎಂದೂ ಅನ್ನಿಸಿತು. ಇಳಿಯುವುದಾದರೆ ಇಳಿಯಲಿ, ಬಲವಂತಕ್ಕೆ ಹಿಡಿದುಕೊಂಡು ಎಷ್ಟು ದೂರ ಹೋಗಲಿ ಎಂದುಕೊಂಡು ಎರಡೂ ಬ್ರೇಕ್ ಹಿಡಿದಳು. ಸೈಕಲ್ ಸರಿಯಾಗಿ ಅಂಗಡಿಯ ಎದುರಿಗೇ ಹೋಗಿ ನಿಂತಿತು.

ಅವನು ಇಳಿದ. ಸೈಕಲ್ ಹಗುರವಾಯಿತು. ಹಿಂದೆ ತಿರುಗದೆ ಅವಳು ಹ್ಯಾಂಡಲ್ಲನ್ನೇ ನೋಡುತ್ತಾ ನಿಂತಳು. ಬಸ್ಸಿನಲ್ಲಿ ಅವನು ಎದ್ದು ಹೋದಾಗ ಸೀಟು ಹೀಗೇ ಹಗುರವಾಗಿತ್ತು.

ಅವನು ಅವಳನ್ನು ದಾಟಿ ಎರಡು ಹೆಜ್ಜೆ ಮುಂದೆ ಬಂದ. ಹೆಲ್ಮೆಟ್ಟಿನ ಗುಂಡಿ ಬಿಚ್ಚುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಹೆಲ್ಮೆಟ್ ತೆಗೆದ. ಕನ್ನಡಕ ತೆಗೆದ. ಆಮೇಲೆ ಮೂಗಿನ ಮೇಲಿನ ಬಟ್ಟೆಯನ್ನು ಕುತ್ತಿಗೆಗೆ ಎಳೆದ.

ಬಸವರಾಜು ಮೊದಲು ನಕ್ಕರು. "ಓ, ನೀನೇನ್ಲಾ ರಜನಿ? ಯಾರೋ ಫಾರಿನ್ನೋರು ಅಂದ್ಕಂಡೆ."

"ಅಪ್ಪ, ಇವಳು ಸಂಘಮಿತ್ರಾ," ಎಂದ ರಜನೀಶ್.

ಅವಳು ತಲೆ ಎತ್ತಿದಳು.

"ಯುಗಾದಿಲಿ ಬಸ್ಸಲ್ಲಿ ಯಾರ್ಲಾ ಅದು ಅಂತ ಕೇಳಿದ್ಯಲ್ಲ, ಗೊತ್ತಿಲ್ಲ ಅಂದಿದ್ದೆ. ಸುಳ್ಳು ಹೇಳಿದ್ದೆ ಕಣಪ್ಪ. ಎರಡು ವರ್ಷದಿಂದ ಗೊತ್ತು. ಮದುವೆ ಅಂತ ಆದ್ರೆ ನಾನು ಇವಳನ್ನೇ ಆಗೋದು."

ಯೂರಿಯಾ ಸಾಲಿನವರೆಲ್ಲ ಇತ್ತ ತಿರುಗಿದರು. ಬೈಕಿನಲ್ಲಿ ಬಂದಿದ್ದ ಚಿಕ್ಕಪ್ಪನ ಮಗ ಹೋಟೆಲಿನಿಂದ ಎದ್ದು ಬಂದು ರಸ್ತೆಯಾಚೆ ನಿಂತಿದ್ದ, ಅವನ ಹಿಂದೆ ಇನ್ನೂ ನಾಲ್ಕು ಜನ. ಬಸವರಾಜು ಅವರ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವರು ಮಗನನ್ನು ಬಿಟ್ಟು ಅವಳ ಕಡೆ ತಿರುಗಿದರು.

"ಯಾವೂರವ್ವ ನಿಂದು?"

ಸಂಘಮಿತ್ರಾ ತಾನೂ ಹೆಲ್ಮೆಟ್ ತೆಗೆದಳು. "ಕೊಣನೂರು."

"ಕೊಣನೂರಲ್ಲಿ ಯಾರ ಪೈಕಿ?"

ಎಲ್ಲ ಇದ್ದದ್ದು ಈ ಒಂದು ಪ್ರಶ್ನೆಯಲ್ಲಿ. ಹುಟ್ಟಿದಾಗಿನಿಂದ ಬೇರೆ ಬೇರೆ ಬಾಯಲ್ಲಿ ಕೇಳಿದ್ದಳು. ಏನಾದರೂ ಹಾರಿಕೆಯ ಉತ್ತರ ಹೇಳಿ ಈ ಸರ್ಕಲ್ಲಿನಿಂದ ಜೀವ ಸಹಿತ ಹೋಗಿಬಿಡೋಣ ಎಂದು ಕಾಲು ಹೇಳುತ್ತಿದ್ದವು. ಎದುರಿಗೆ ಆ ಪುಕ್ಕಲ ಮುಖ ಬಿಚ್ಚಿಕೊಂಡು ನಿಂತಿದ್ದ.

"ಅಂಬೇಡ್ಕರ್ ನಗರ. ಹೈಸ್ಕೂಲ್ ಗುಮಾಸ್ತರಾಗಿದ್ರಲ್ಲ, ದೇವಯ್ಯ, ಅವರ ಮಗಳು," ಎಂದಳು.

ಬಸವರಾಜು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಒಮ್ಮೆ ಸಾಲಿನ ಕಡೆ, ಒಮ್ಮೆ ರಸ್ತೆಯಾಚೆಯ ತಮ್ಮನ ಮಗನ ಕಡೆ ನೋಡಿದರು. ಅವರ ಮುಖ ಒಂದೇ ಸಲಕ್ಕೆ ವಯಸ್ಸಾದವರ ಮುಖವಾಯಿತು.

"ಇಷ್ಟು ಜನ್ರ ಮುಂದೆ ಏಳ್ಬೇಕಾಗಿತ್ತೇನ್ಲಾ ಇದ್ನ?"

"ನೀನೊಬ್ಬನೇ ಇದ್ದಾಗ ಹೇಳಿದ್ರೆ, ನೀನು ಒಂದ್ಸಲ ಗದರಿಸಿದ್ರೆ ಸಾಕು, ನಾನು ಮತ್ತೆ ಇಲ್ಲ ಅಂದ್ಬುಡ್ತಿದ್ದೆ ಕಣಪ್ಪ. ನನ್ ಬುದ್ಧಿ ನಂಗೆ ಗೊತ್ತು. ಈಗ ಇಷ್ಟು ಜನ ಕೇಳಿದಾರೆ. ಇಲ್ಲ ಅನ್ನಕ್ಕೆ ಆಗಲ್ಲ."

ರಸ್ತೆಯಾಚೆಯ ಹುಡುಗರು ಒಂದೊಂದೇ ಹೆಜ್ಜೆ ಇಟ್ಟುಕೊಂಡು ಸೈಕಲ್ಲಿನ ಹತ್ತಿರ ಬರುತ್ತಿದ್ದರು. ಚಿಕ್ಕಪ್ಪನ ಮಗ ಬಂದು ಹ್ಯಾಂಡಲ್ಲಿನ ಮೇಲೆ ಕೈ ಇಟ್ಟ. "ಏನ್ ದೊಡ್ಡಪ್ಪ ಇದು?" ಎಂದ. ರಜನೀಶ್ ಬಂದು ಸಂಘಮಿತ್ರಾಳ ಮತ್ತು ಅವನ ನಡುವೆ ನಿಂತುಕೊಂಡ. ಅವನ ಕಾಲು ಮೊಣಕಾಲಿನ ತನಕ ನಡುಗುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಆದರೂ ಅಲ್ಲೇ ನಿಂತಿದ್ದ.

ಬಸವರಾಜು ಕುರ್ಚಿಯಿಂದ ಎದ್ದರು. "ಕೈ ತೆಗಿಲಾ," ಎಂದರು.

"ಅಲ್ಲ ದೊಡ್ಡಪ್ಪ..."

"ಕೈ ತೆಗಿ ಅಂದೆ. ನನ್ನ ಮನೆ ವಿಚಾರ ಇದು. ದಾರಿ ಬುಡ್ರಲಾ, ಸೈಕಲ್ ಓಗ್ಲಿ." ಆಮೇಲೆ ಮಗನ ಮುಖ ನೋಡದೆ ಹೇಳಿದರು. "ಸಂಜಿಕೆ ಮನೆಗೆ ಬಾ. ನಿಮ್ಮವ್ವಂಗೆ ನೀನೇ ಏಳು. ನಂಗಾಗಲ್ಲ."

"ಇಬ್ರೂ ಬತ್ತೀವಿ," ಎಂದ ರಜನೀಶ್.

ಅದಕ್ಕೆ ಅವರು ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಟವೆಲ್ಲು ಕೊಡವಿಕೊಂಡು ಅಂಗಡಿಯ ಒಳಗೆ ಹೋದರು. ಹ್ಯಾಂಡಲ್ಲಿನ ಮೇಲಿದ್ದ ಕೈ ನಿಧಾನವಾಗಿ ಹಿಂದಕ್ಕೆ ಸರಿಯಿತು.

ಅವನು ಹಿಂದೆ ಹತ್ತಿದ. ಸೈಕಲ್ ಮತ್ತೆ ತನ್ನ ಭಾರಕ್ಕೆ ಬಂತು. ಅವಳು ತುಳಿದಳು, ಅವನೂ ತುಳಿದ. ಹೆಲ್ಮೆಟ್ಟುಗಳು ಹ್ಯಾಂಡಲ್ಲಿಗೆ ನೇತಾಡುತ್ತಿದ್ದವು, ಹಾಕಿಕೊಳ್ಳಬೇಕು ಎನ್ನುವುದು ಇಬ್ಬರಿಗೂ ಮರೆತುಹೋಗಿತ್ತು. ಜನ ದಾರಿ ಬಿಟ್ಟರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಬೈಕಿನ ಸದ್ದು ಬರುತ್ತದೇನೋ ಎಂದು ಕಿವಿಯೆಲ್ಲ ಬೆನ್ನಿಗೆ ಬಂದ ಹಾಗೆ ಅವಳು ತುಳಿಯುತ್ತಲೇ ಹೋದಳು. ಕೊನೆಯ ಮನೆ ದಾಟಿತು, ಶುಂಠಿ ಹೊಲ ಬಂತು, ಮತ್ತೆ ಗದ್ದೆ ಬಂತು. ಬೈಕು ಬರಲಿಲ್ಲ.

"ನನ್ ಕಾಲು ಇನ್ನೂ ನಡುಗ್ತಾ ಅವೆ ಕಣೇ," ಎಂದ.

"ಗೊತ್ತಾಗ್ತಾ ಅದೆ ಪೆಡಲ್ಲಲ್ಲಿ. ನಂದೂ ನಡುಗ್ತಾ ಅವೆ."

"ಅದೂ ಗೊತ್ತಾಗ್ತಾ ಅದೆ."

ಅವಳಿಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಹ್ಯಾಂಡಲ್ ಬಿಡುವ ಹಾಗಿಲ್ಲ. ಕೆನ್ನೆಯ ಮೇಲೆ ಇಳಿದದ್ದು ಗಾಳಿಗೆ ತಾನಾಗಿಯೇ ಒಣಗಿತು. "ನಿಲ್ಸು ಅಂದಾಗ ಇಳಿದು ಓಡೋಗ್ತೀಯ ಅಂದ್ಕೊಂಡೆ," ಎಂದಳು.

"ನಾನೂ ಹಂಗೇ ಅಂದ್ಕೊಂಡಿದ್ದೆ. ಬಾಯಿಂದ ನಿಲ್ಸು ಅಂತ ಬಂದಾಗ್ಲೂ ಏನ್ ಮಾಡ್ತೀನಿ ಅಂತ ಗೊತ್ತಿರ್ಲಿಲ್ಲ. ನೀನು ಯಾಕೆ ಅಂತ ಒಂದು ಮಾತೂ ಕೇಳ್ದೆ ನಿಲ್ಸಿಬಿಟ್ಯಲ್ಲ, ಆಮೇಲೆ ಓಡೋಗಕ್ಕೆ ಮನಸ್ಸು ಬರ್ಲಿಲ್ಲ."

ಸಂಜೆಗೆ ಇನ್ನೂ ಎಂಟು ಗಂಟೆ ಇತ್ತು. ನೀಲಾಂಬಿಕೆ ಎನ್ನುವ, ಅವಳು ಒಮ್ಮೆಯೂ ನೋಡದ, ರಜನೀಶನ ತಾಯಿ ಆ ಸಂಜೆಯಲ್ಲಿ ಕಾದಿದ್ದಳು. ಆ ಮನೆಯ ಬಾಗಿಲು, ಆ ಮನೆಯ ನೆಂಟರು, ಆ ಹ್ಯಾಂಡಲ್ ಹಿಡಿದ ಕೈ, ಎಲ್ಲ ಅಲ್ಲಿದ್ದವು. ಅವಳಿಗೆ ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಅಪ್ಪಂಗೆ ಫೋನ್ ಮಾಡ್ಬೇಕು," ಎಂದಳು. "ಕಾಫಿಪುಡಿ ಅದಾ ನೋಡ್ಕೊ ಅಂತ."

"ಯಾಕೆ?"

"ಆಮೇಲೆ ಹೇಳ್ತೀನಿ."

ಅವಳ ಅಂಗಿಯ ತುದಿಯನ್ನು ಹಿಂದಿನಿಂದ ಎರಡು ಬೆರಳು ಹಿಡಿದುಕೊಂಡವು. ಅವನು ಕಣ್ಣು ಮುಚ್ಚಿಕೊಂಡಿದ್ದಾನೆಂದು ನೋಡದೆಯೇ ಅವಳಿಗೆ ತಿಳಿಯಿತು.

"ಮುಗೀತಾ?" ಎಂದ ರಜನೀಶ್.

"ಇನ್ನೂ ಶುರುವೇ ಆಗಿಲ್ಲ," ಎಂದಳು ಸಂಘಮಿತ್ರಾ. "ಗಟ್ಟಿಯಾಗಿ ಹಿಡ್ಕೋ. ಮುಂದೆ ಹಂಪ್ ಇದೆ."